ವ್ಯಾನಿನ ಬಾಗಿಲಿಗೆ ಹಾಕಿದ ಜಾಳಿಗೆ

ವ್ಯಾನಿನ ಬಾಗಿಲಿಗೆ ಜಾಳಿಗೆ ಹಾಕುವ ಕೆಲಸ ನನ್ನ ತಲೆಗೆ ಬಂದದ್ದು ಕಾಗವಾಡದಲ್ಲಿ ಸತ್ತ ಒಂದು ನೊಣದಿಂದ. ನಮ್ಮದು ಜೈನ ಮನೆತನ. ಮುನಿಗಳು ಊರಿಂದೂರಿಗೆ ಕಾಲ್ನಡಿಗೆಯಲ್ಲಿ ವಿಹಾರ ಹೊರಟರೆ ಅತ್ತೆ ಮಾವ ಬೆನ್ನಿಗೇ ಹೋಗಿ, ಅವರು ತಂಗಿದಲ್ಲಿ ಅಡುಗೆ ಮಾಡಿ ಆಹಾರ ಕೊಡಲು ಕಾಯುತ್ತಾರೆ. ಅದಕ್ಕಾಗಿಯೇ ಮಾವ ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಒಲೆಗೆ ಕಟ್ಟೆ, ಮಲಗಲು ಹಲಗೆ ಮಾಡಿಸಿದ್ದರು. ಮುನಿಗಳು ಉಣ್ಣುವುದು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿ. ತುತ್ತಿನಲ್ಲಿ ಹುಳ ಕಂಡರೆ ಅಲ್ಲಿಗೇ ಮುಗಿಯಿತು. ಮರುದಿನದವರೆಗೆ ನೀರೂ ಇಲ್ಲ. ಹಿಂದಿನ ವರ್ಷ ಕಾಗವಾಡದಲ್ಲಿ ಅತ್ತೆ ಕೊಟ್ಟ ತುತ್ತಿನಲ್ಲಿ ನೊಣ ಸಿಕ್ಕಿತ್ತು. ಆಮೇಲೆ ನಾಚಿಕೆಗೆ ಅತ್ತೆ ಬೀಗರ ಮನೆಯ ಮದುವೆಗೂ ಹೋಗಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಆ ವ್ಯಾನಿನಲ್ಲಿ ಪಾತ್ರೆ ತಿಕ್ಕಿದವಳೇ ಹೊರತು ಮುನಿಗಳಿಗೆ ಒಂದು ತುತ್ತು ಕೊಟ್ಟವಳಲ್ಲ ನಾನು. ಹೊಲಿಗೆ ಬರುತ್ತದಲ್ಲ, ನೊಣ ಬರದ ಹಾಗೆ ಮಾಡು, ಈ ಸಲ ನೀನೂ ಕೊಡುವಿಯಂತೆ ಎಂದರು ಅತ್ತೆ. ಆಸೆಗೆ ಬಿದ್ದೆ. ಚಿಕ್ಕೋಡಿಯಿಂದ ನೈಲಾನ್ ಜಾಳಿಗೆ ತಂದು, ಎರಡು ಭಾಗ ಮಾಡಿ, ನಡುವೆ ಒಂದರ ಮೇಲೊಂದು ಬರುವಂತೆ ಹೊಲಿದೆ. ಚೌಕಟ್ಟಿಗೆ ಒಗ್ಗರಣೆಯ ಜಿಡ್ಡು; ಜಾಳಿಗೆ ಹಿಡಿಸುವ ಅಂಟುಪಟ್ಟಿ ನಿಲ್ಲಲೊಲ್ಲದು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಮತ್ತೆ ಅಂಟಿಸಿದೆ. ಗಾಳಿಗೆ ಏಳದಂತೆ ಕೆಳಗಿನ ಅಂಚಿನಲ್ಲಿ ಕಬ್ಬಿಣದ ನಟ್ಟುಗಳನ್ನು ಇಟ್ಟು ಹೊಲಿದೆ. ಚೆಂದ ಕೂತಿತು. ಹೋಗುವಾಗ ಬರುವಾಗ ಕೈಯಾಡಿಸಿ ಹಿಗ್ಗುತ್ತಿದ್ದೆ.

ಮುನಿಗಳು ಕುಡಚಿ ಬಿಟ್ಟು ಪಾಲಬಾವಿ ಹತ್ತಿರ ತಂಗಿದ್ದರು. ಆ ಬೆಳಿಗ್ಗೆಯೇ ನಾನು ಮುಟ್ಟಾದೆ. ಮುಟ್ಟಾದವಳ ಕಣ್ಣು ಆಹಾರದ ಅಡುಗೆಯ ಮೇಲೆ ಬೀಳಬಾರದು. ಆಚೆ ಹೋಗಿ ಕಬ್ಬಿನ ಕಡೆ ಮುಖ ಮಾಡಿ ಕೂಡು ಎಂದರು ಅತ್ತೆ. ಬೇವಿನ ಮರದ ಕೆಳಗೆ ಕೂತು ನಾನು ಕಣ್ಣೀರು ಹಾಕಿದೆ. ಒರೆಸಿಕೊಳ್ಳಲು ಯಾರೂ ಹೇಳಲಿಲ್ಲ.

ಪಕ್ಕದಲ್ಲೇ ಬೆಲ್ಲದ ಗಾಣವಿತ್ತು, ನೊಣಗಳಿಗೆ ಬರವೇ? ಆದರೂ ಒಂದಾದರೂ ಒಳಗೆ ಹೋಗಬೇಕಲ್ಲ! ನನ್ನ ಕೈಕೆಲಸ ನೋಡುವ ಚಪಲಕ್ಕೆ ಮತ್ತೆ ಮತ್ತೆ ವ್ಯಾನಿನ ಕಡೆ ಹೊರಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಜಾಳಿಗೆ ಸರಿಸಿ ನೀರು ಚೆಲ್ಲಿದರು. ದಪ್ಪನೆಯ ಹಸಿರು ನೊಣವೊಂದು ಒಳಗೆ ಹೋಗಿ, ಬಾಗಿಲ ಬಳಿಯ ಹಾಲಿನ ಪಾತೇಲಿಯ ಅಂಚಿಗೆ ಕೂತಿತು. ಮಾವ, ಗಂಡ ಇಬ್ಬರೂ ಮುನಿಗಳನ್ನು ಕರೆಯಲು ದಾರಿಯಲ್ಲಿ ನಿಂತಿದ್ದರು. ಬಾಯಿ ಬಿಟ್ಟರೆ ನಾನು ನೋಡಿದ್ದು ಗೊತ್ತಾಗುತ್ತದೆ. ಸುಮ್ಮನಿದ್ದರೆ ಮುನಿಗಳಿಗೆ ಉಪವಾಸ.

"ಅತ್ತ್ಯಾರ, ಹಾಲಿನ ಪಾತೇಲಿ ಮ್ಯಾಲ ನೊಣಾ ಕುಂತೈತ್ರಿ" ಎಂದೆ.

ಅತ್ತೆ ನೊಣ ಓಡಿಸಿದರು. ಆಮೇಲೆ ನನ್ನತ್ತ ತಿರುಗಿದರು.

"ನೊಣಾ ಬಿದ್ದಿದ್ರ ಹಾಲಷ್ಟ ಚೆಲ್ತಿದ್ನಿ. ನಿನ್ನ ಕಣ್ಣ ಬಿತ್ತು, ಈಗ ಎಲ್ಲಾ ಚೆಲ್ಲಬೇಕು."

ಚೆಲ್ಲಿದರು ಕೂಡ. ಅನ್ನ, ಬೇಳೆ, ಪಾಯಸ ಎಲ್ಲವನ್ನೂ ಕಬ್ಬಿನ ಕಾಲುವೆಗೆ, ನನ್ನ ಎದುರಿಗೇ, ಒಂದೊಂದಾಗಿ. ಮುನಿಗಳು ಅಲ್ಲಿಗೆ ಬಂದಿದ್ದ ಬೇರೆ ಮನೆಯವರಲ್ಲಿ ಆಹಾರ ತೆಗೆದುಕೊಂಡರು. ಅವರು ಹಸಿದು ಹೋಗಲಿಲ್ಲ ಎಂದು ಸಮಾಧಾನವಾಯಿತು. ಅತ್ತೆಯ ಮೇಲೆ ಹುಟ್ಟಿದ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ.

ಅವತ್ತೇ ಅತ್ತೆ ಜಾಳಿಗೆ ಕಿತ್ತರು. ಪಟ್ಟಿ ಬಿಡಲೊಲ್ಲದು; ನನ್ನ ಗಂಡ ಚಾಕು ಹಾಕಿ ಎಬ್ಬಿಸಿ ಕೊಟ್ಟ. ಬಾಗಿಲಿಗೆ ಜಮಖಾನೆ ಕಟ್ಟಿದರು. ಅದರ ಎರಡೂ ಪಕ್ಕ ಕೈ ತೂರುವಷ್ಟು ಸಂದು. ನೊಣ ಬರುತ್ತವಲ್ಲ ಎಂದು ಅವನು ಮೆಲ್ಲಗೆ ಅಂದ.

"ಬಂದ್ರ ಬರ್ಲಿ," ಅಂದರು ಅತ್ತೆ. "ಈಕೀಗ ಕಾಣಬಾರದು."