ಹಚ್ಚೆ ಅಳಿಸಿದ ಫೋಟೊ

ಹೆಂಡತಿ ತೀರಿಕೊಂಡ ಹತ್ತನೆಯ ದಿನ ಅವಳ ಫೋಟೊ ಬಂತು. ಮರುದಿನ ತಿಥಿ. ಮಗಳು ಪೆಟ್ಟಿಗೆಯ ಟೇಪು ಕತ್ತರಿಸಿ, ಗಾಜಿನ ಮೇಲಿನ ಕಾಗದ ತೆಗೆದು, ನನ್ನ ಕಡೆ ತಿರುಗಿಸಿ ಹಿಡಿದಳು. ಕಣ್ಣು, ಮೂಗು, ಬೈತಲೆ ಇವಳದೇ. ಮೈಬಣ್ಣ ಮಾತ್ರ ಬೇರೆ ಯಾರದೋ. ಗಲ್ಲದ ಮೇಲಿನ ಮೂರು ಹಚ್ಚೆ ಚುಕ್ಕೆಗಳು ಇರಲಿಲ್ಲ.

ಅವಳು ಇಲವಾಲದಲ್ಲಿ ಹುಟ್ಟಿದವಳು. ಏಳನೇ ವಯಸ್ಸಿನಲ್ಲಿ ಅವಳ ತಾಯಿಯೇ ಕೈ ಹಿಡಿದು ಕೂರಿಸಿ ಹಚ್ಚೆ ಹಾಕಿಸಿದ್ದರಂತೆ. ಅಳುತ್ತಿದ್ದ ಮಗಳಿಗೆ ಆ ತಾಯಿ ಹೇಳಿದ ಮಾತನ್ನು ಇವಳು ನನಗೆ ಎಷ್ಟೋ ಸಲ ಹೇಳಿದ್ದಳು: "ಒಡವೆ ಎಲ್ಲಾನೂ ಬಿಚ್ಕತಾರೆ ಕಣಮ್ಮ, ಇದೊಂದು ನಿನ್ ಜೊತೇಲೆ ಬತ್ತದೆ." ಆಸ್ಪತ್ರೆಯಲ್ಲಿ ನರ್ಸಮ್ಮ ಓಲೆ, ಮೂಗುಬಟ್ಟು ಬಿಚ್ಚಿ ನನ್ನ ಅಂಗೈಗೆ ಹಾಕಿದಾಗ ನೆನಪಾದದ್ದು ಆ ಮಾತೇ. ಈಗ ಆ ಮೂರು ಚುಕ್ಕೆಗಳನ್ನು ಯಾರೋ ಕಂಪ್ಯೂಟರಿನಲ್ಲಿ ಕೊಳೆಯೆಂದು ಒರೆಸಿ ಕಳಿಸಿದ್ದರು.

ಫೋಟೊ ದೊಡ್ಡದು ಮಾಡಿ ಫ್ರೇಮು ಹಾಕಿ ಕಳಿಸುವ ಕಂಪನಿಗೆ ಮೊಬೈಲಿನಲ್ಲಿ ಆರ್ಡರ್ ಹಾಕಿದ್ದು ಮಗಳು, ನನ್ನ ಕಾರ್ಡಿನಿಂದ. ಅವರಿಗೆ ಫೋನ್ ಮಾಡಿದ್ದು ನಾನು.

"ಇದು ನಿಮಗೋಸ್ಕರಾನೇ ಮಾಡಿರೋ ಪ್ರಾಡಕ್ಟ್ ಸರ್. ರಿಟರ್ನ್ ಇರಲ್ಲ," ಎಂದಳು ಕಸ್ಟಮರ್ ಕೇರಿನ ಹುಡುಗಿ.

"ನಮಗೋಸ್ಕರ ಮಾಡಿದ್ರೆ ನಮ್ಮೋರ ಮುಖ ಇರ್ಬೇಕಲ್ಲಮ್ಮ."

"ಟಚಪ್‌ಗೆ ಮುಂಚೆ ನಿಮ್ಗೆ ಕಾಲ್ ಮಾಡಿದ್ವಿ. ನೀವು ಹೂಂ ಅಂದಿದೀರ ಸರ್, ರೆಕಾರ್ಡ್ ಇದೆ."

ಸಾವಾದ ನಾಲ್ಕನೆಯ ದಿನ ಯಾರೋ ಫೋನ್ ಮಾಡಿದ್ದು ನಿಜ. ಆ ವಾರವೆಲ್ಲ ನಾನು ಹೂಂ ಅಂದದ್ದೇ ಅಂದದ್ದು. ಹಣೆಬರಹ ಎಂದವರಿಗೆ ಹೂಂ, ಎರಡು ತುತ್ತು ತಿನ್ನು ಎಂದವರಿಗೆ ಹೂಂ, ಶಾಮಿಯಾನದವನಿಗೂ ಹೂಂ. ಎದುರಿನವರು ಮಾತಾಡುವಾಗ ಹೂಂಗುಟ್ಟದಿದ್ದರೆ ಲೈನು ಕಟ್ಟಾಯಿತು ಅಂದುಕೊಳ್ಳುವ ಜನ ನಾವು. ಅದರಲ್ಲಿ ಒಪ್ಪಿಗೆ ಇರುವುದಿಲ್ಲ. ಕೇಳಿಸುತ್ತಿದೆ ಎಂದಷ್ಟೇ.

ತಿಥಿಯ ದಿನ ಮಗಳ ಮೊಬೈಲನ್ನೇ ಚೊಂಬಿಗೆ ಒರಗಿಸಿ, ಅದರಲ್ಲಿದ್ದ ಮೂಲ ಫೋಟೊಗೆ ಪೂಜೆ ಮಾಡಿದೆವು. ಪರದೆ ಆರಿದಾಗಲೆಲ್ಲ ಮಗಳು ಬೆರಳಿನಿಂದ ಮುಟ್ಟಿ ಅಮ್ಮನನ್ನು ಮತ್ತೆ ಬರಿಸುತ್ತಿದ್ದಳು. ಊಟಕ್ಕೆ ಕೂತಾಗ ನನ್ನ ಅಣ್ಣ ಆ ಫ್ರೇಮು ನೋಡಿ, "ಓಗ್ಲಿ ಬುಡೋ, ಬೆಳ್ಳಗೆ ಚೆನ್ನಾಗೇ ಕಾಣ್ತಾವ್ಳಲ್ಲ. ಸತ್ತೋರ ಎಸ್ರಲ್ಲಿ ಕಂಪನಿ ಜೊತೆ ಜಗಳ ಆಡಿಯಾ?" ಎಂದ.

"ನಾನು ನಲವತ್ತು ವರ್ಷ ನೋಡಿದ್ದು ಈ ಮುಖ ಅಲ್ಲ ಕಣಣ್ಣ. ಬುಡಲ್ಲ."

"ಅವ್ಳು ಇದ್ದಾಗ ಇವ್ನು ಬಾಯೇ ಬುಡ್ತಿರ್ಲಿಲ್ಲ, ಈಗ ನೋಡು," ಎಂದು ಅವನು ಪಕ್ಕದವರಿಗೆ ಹೇಳಿದ.

ಅಗ್ರಹಾರದ ನಮ್ಮ ಬ್ಯಾಂಕಿನ ಮೇಡಂ ಫ್ರೇಮನ್ನೂ ಮೊಬೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೇಳಿದ್ದು ಬರದೆ ಬೇರೆಯದು ಬಂದರೆ ಕಾರ್ಡಿನಲ್ಲಿ ಕಟ್ಟಿದ್ದನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು, ಅದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ, ಮಾರಿದವರೂ ತಮ್ಮ ಸಾಕ್ಷಿ ಕಳಿಸುತ್ತಾರೆ ಎಂದರು. ಫಾರಮ್ಮಿನಲ್ಲಿ 'ಹೇಳಿದಂತೆ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿಸಿದರು. ಕೆಳಗೆ ನಾನು ಕನ್ನಡದಲ್ಲಿ ಬರೆದೆ: ಇದು ನನ್ನ ಹೆಂಡತಿಯ ಮುಖವಲ್ಲ. ಅದೇ ವಾರ ಗ್ರಾಹಕರ ಆಯೋಗಕ್ಕೂ ದೂರು ಕೊಟ್ಟೆ.

ಮೂರು ವಾರದ ಮೇಲೆ ಕಂಪನಿಯ ಸಾಕ್ಷಿ ಬಂತು. ಅದೇ ರೆಕಾರ್ಡು. ಮೇಡಂ ತಮ್ಮ ಮೇಜಿನಲ್ಲೇ ಕೇಳಿಸಿದರು. ಹಿಂದೆ ನಮ್ಮ ಮನೆಯ ಪಾತ್ರೆಗಳ ಸದ್ದು.

"ಫೋಟೊದಲ್ಲಿ ಕೆಲವು..."

"ಹೂಂ."

"ಕಲೆಗಳಿವೆ ಸರ್, ಅದನ್ನ..."

"ಹೂಂ."

"ಕ್ಲೀನ್ ಮಾಡಿ ಸ್ವಲ್ಪ ಬ್ರೈಟ್..."

"ಹೂಂ."

"ಓಕೆನಾ ಸರ್?"

ಅಲ್ಲಿ ನನ್ನ ದನಿಯೇ ಇಲ್ಲ. ಹಾಲು ಎಲ್ಲಿಟ್ಟಿದೀರ ಎಂದು ಯಾವುದೋ ಹೆಂಗಸು ಕೇಳುತ್ತಾಳೆ, ಫೋನು ಕಟ್ಟಾಗುತ್ತದೆ.

ಮೇಡಂ ಎರಡನೆಯ ಸಲ ಕೇಳಿದರು. "ನಮ್ಮಪ್ಪನೂ ಇಂಗೇ ಕಣ್ರೀ. ಸಾಲ ಕೊಡ್ತೀವಿ ಅಂತ ಫೋನ್ ಮಾಡೋರಿಗೂ ಕಾಲು ಗಂಟೆ ಹೂಂ ಅಂತಿರ್ತಾರೆ," ಎಂದು ನಕ್ಕು, ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. "ಮೂರು ಹೂಂ ಪ್ರಶ್ನೆಗೆ ಮುಂಚೆ. ಪ್ರಶ್ನೆಗೆ ಉತ್ತರಾನೇ ಇಲ್ಲ. ಇಷ್ಟನ್ನೇ ಬರ್ಕೊಡಿ."

ಬರೆದುಕೊಟ್ಟೆ. ಬ್ಯಾಂಕಿನ ತೀರ್ಮಾನ ನನ್ನ ಕಡೆಗಾಗಿ ದುಡ್ಡು ವಾಪಸ್ ಬಂತು. ಎರಡೇ ದಿನಕ್ಕೆ ಕಂಪನಿಯಿಂದ ಒಬ್ಬ ಗಂಡಸು ಫೋನ್ ಮಾಡಿದ.

"ದುಡ್ಡು ಬಂತಲ್ಲ ಸರ್, ಆಯೋಗದ ದೂರು ವಾಪಸ್ ತಗೊಂಬಿಡಿ. ಬೇಕಾದ್ರೆ ಹೊಸ ಫೋಟೊ ಫ್ರೀಯಾಗಿ ಮಾಡಿಕೊಡ್ತೀವಿ."

"ನಿಮ್ಮ ಕೈಗೆ ಇನ್ನೊಂದ್ಸಲ ಅವಳ ಫೋಟೊ ಕೊಡಲ್ಲ. ಮುಖ ತಿದ್ದೋಕೆ ಮುಂಚೆ ಬರವಣಿಗೇಲಿ ಒಪ್ಪಿಗೆ ತಗೋತೀವಿ ಅಂತ ಆಯೋಗದ ಮುಂದೆ ಬರ್ಕೊಡಿ. ಆಮೇಲೆ ನೋಡಣ."

"ಒಂದು ಫೋಟೊಗೆ ಇಷ್ಟಾ ಸರ್?"

"ಇಷ್ಟೇ. ಇನ್ನೊಬ್ಬರ ಮನೆ ಹೆಣ್ಣುಮಗಳ ಮುಖ ಮುಟ್ಟೋಕೆ ಮುಂಚೆ ಕೇಳ್ಬೇಕು ಕಣಪ್ಪ."

ಅವನು ಮೇಲಿನವರನ್ನು ಕೇಳಿ ಹೇಳುತ್ತೇನೆಂದ. ಹೇಳಿಲ್ಲ. ಮುಂದಿನ ತಿಂಗಳು ವಿಚಾರಣೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲವಂತೆ, ದೂರು ಕೊಟ್ಟವರೇ ಮಾತಾಡಬಹುದಂತೆ. ಮಗಳು ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಬರಲಿ. ಮಾತಾಡುವುದು ನಾನೇ.