ಹರಕೆ ನನ್ನದು, ತಲೆ ಅವಳದು

ನಾನು ಹುಟ್ಟಿದ ದಿನ ಯಾವುದೆಂದು ನನಗೆ ಗೊತ್ತಿಲ್ಲ. ಅವ್ವನನ್ನು ಕೇಳಿದಾಗಲೆಲ್ಲ, ಹುಚ್ಚೆಳ್ಳು ಹೂ ಬಿಟ್ಟಿತ್ತು, ಎಮ್ಮೆ ಈದು ಮೂರು ದಿನವಾಗಿತ್ತು ಎನ್ನುತ್ತಿದ್ದಳು. ಎಮ್ಮೆ ಯಾವ ವಾರ ಈದದ್ದು, ಯಾವ ಹೊತ್ತಿನಲ್ಲಿ ಈದದ್ದು ಎಲ್ಲ ಅವಳಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ಎಮ್ಮೆ ಹಾಲು ಕೊಡುತ್ತಿತ್ತು, ನಾನು ಕುಡಿಯುತ್ತಿದ್ದೆ. ದಿನ ಗೊತ್ತಿಲ್ಲವೆಂದು ವಯಸ್ಸೇನೂ ನಿಲ್ಲಲಿಲ್ಲ. ಮೊಣಕಾಲಿಗೆ ಎಲ್ಲ ಗೊತ್ತಿದೆ.

ನನ್ನ ಮೊಮ್ಮಗಳ ಸಂಗತಿ ಬೇರೆ. ಅವಳು ಹುಟ್ಟಿದ ಗಂಟೆ, ನಿಮಿಷ, ತೂಕ ಎಲ್ಲ ನನ್ನ ಸೊಸೆ ರೂಪಾಳ ಮೊಬೈಲಿನಲ್ಲಿದೆ. ಹೆಸರು ಜನ್ವಿತಾ. ಅರ್ಥವೇನೆಂದು ಕೇಳಿದೆ. ಮೊಬೈಲ್ ನೋಡಿ ಹೇಳುತ್ತೇನೆ ಎಂದಳು. ಐದು ವರ್ಷವಾಯಿತು, ಇನ್ನೂ ನೋಡುತ್ತಿದ್ದಾಳೆ. ನಾನು ಮಾದಿ ಎಂದು ಕರೆಯುತ್ತೇನೆ. ಅದಕ್ಕೆ ಯಾವ ಮೊಬೈಲನ್ನೂ ನೋಡಬೇಕಿಲ್ಲ. ಬೆಟ್ಟದ ಮಾದಪ್ಪ ಕೊಟ್ಟವಳು.

ಕೊಟ್ಟವನು ಸುಮ್ಮನೆ ಕೊಡಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ಅಳಲಿಲ್ಲ. ಒಳಗೆ ನರ್ಸಮ್ಮ ಬೆನ್ನು ತಟ್ಟುತ್ತಿದ್ದರೆ, ಹೊರಗೆ ನಾನು ಗೋಡೆಗೆ ಒರಗಿ, ಅಪ್ಪಾ ಮಾದಪ್ಪ, ಕೂಸು ಒಂದು ಸಲ ಅತ್ತರೆ ಸಾಕು, ಅದರ ಮೊದಲ ಕೂದಲು ನಿನ್ನದು ಎಂದು ಹರಕೆ ಹೊತ್ತೆ. ಕೂಸು ಅತ್ತಿತು. ಒಂದು ಸಲ ಎಂದು ನಾನು ಕೇಳಿದ್ದೆ, ದೇವರು ಧಾರಾಳಿ. ಅವತ್ತು ತೆರೆದ ಬಾಯಿ ಇವತ್ತಿಗೂ ಮುಚ್ಚಿಲ್ಲ.

ನಮ್ಮ ಕಡೆ ಹರಕೆಯ ತಲೆಗೆ ಕತ್ತರಿ ಮುಟ್ಟಿಸುವಂತಿಲ್ಲ. ಒಂದು, ಮೂರು, ಐದು, ಹೀಗೆ ಬೆಸ ವರ್ಷದಲ್ಲಿ ಬೆಟ್ಟಕ್ಕೆ ಹೋಗಿ ತಲೆ ಬೋಳಿಸಿ ಮುಡಿ ಕೊಡಬೇಕು. ಒಂದನೇ ವರ್ಷ ಕೂಸಿಗೆ ನೆಗಡಿ. ಮೂರನೇ ವರ್ಷ ಯಳಂದೂರಿನಲ್ಲಿ ರೂಪಾಳ ತಂಗಿಯ ಮದುವೆ. ಬೋಳು ತಲೆಯ ಕೂಸು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಮದುವೆಗೆ ಬಂದವರು ಹೆಣ್ಣನ್ನು ಬಿಟ್ಟು, ಮೂಲೆಯಲ್ಲಿ ಮೂಗು ಸುರಿಸುವ ಕೂಸಿನ ತಲೆಯನ್ನೇ ನೋಡುತ್ತಾರೆ ಎಂದು ಅವಳ ಎಣಿಕೆ. ಅಷ್ಟರಲ್ಲಿ ಕೂದಲು ಸೊಂಟಕ್ಕೆ ಇಳಿಯಿತು. ಇದು ದೇವರ ಕಾಡು, ಇಲ್ಲಿ ಯಾರೂ ಎಬ್ಬಿಸುವುದಿಲ್ಲ ಎಂದು ಹೇನುಗಳಿಗೂ ತಿಳಿದು, ಮಕ್ಕಳುಮರಿಯೊಂದಿಗೆ ನೆಲೆಯಾದವು.

ಕೂದಲಿನ ಕೆಳಗಿದ್ದ ತಲೆಯೂ ಬೆಳೆಯುತ್ತಿತ್ತು. ಅದನ್ನು ನಾವು ಯಾರೂ ಗಮನಿಸಲಿಲ್ಲ. ಅಂಗನವಾಡಿಯಲ್ಲಿ ಕೈ ಕಟ್ಟಿ ಕೂತುಕೋ ಎಂದರೆ, ಕೈ ಕಟ್ಟಿದರೆ ಸೊಳ್ಳೆ ಹೊಡೆಯುವವರು ಯಾರು ಎಂದಳಂತೆ. ಪಕ್ಕದ ಮನೆಯ ಚಿಕ್ಕತಾಯಮ್ಮ ಬಂದಾಗ, ಅಜ್ಜಿ ನಿನ್ನನ್ನು ಕೂತರೆ ಏಳದ ಗುಂಡುಕಲ್ಲು ಅನ್ನುತ್ತಾಳೆ ಎಂದು ತಿಳಿಸಿ, ಕಾಫಿ ಬೇಕಾ ಎಂದೂ ವಿಚಾರಿಸಿದಳು. ಚಿಕ್ಕತಾಯಮ್ಮ ಕಾಫಿ ಕುಡಿದೇ ಎದ್ದಳು. ಹೋಗುವಾಗ, "ಥೇಟ್ ನಿನ್ನಂಗೇ ಕಣಕ್ಕ" ಎಂದಳು. ಅದು ಹೊಗಳಿಕೆಯಲ್ಲವೆಂದು ತಿಳಿಯುವಷ್ಟು ಬುದ್ಧಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ಇರುತ್ತದೆ. ನೇರ ಮಾತು ನನ್ನ ಬಾಯಲ್ಲಿದ್ದಾಗ ಅದೊಂದು ಗುಣವೆಂದೇ ತಿಳಿದಿದ್ದೆ. ಅದೇ ಗುಣ ಗಿಡ್ಡ ಲಂಗ ಹಾಕಿಕೊಂಡು ಎದುರಿಗೆ ಬಂದು ನಿಂತಾಗ, ಇಷ್ಟು ವರ್ಷ ಊರವರು ಏನನ್ನು ಸಹಿಸಿಕೊಂಡರು ಎಂಬುದು ಗೊತ್ತಾಯಿತು.

ಐದನೇ ಹುಟ್ಟುಹಬ್ಬ ಭಾನುವಾರ ಬಿತ್ತು. ಮೊದಲು ಮುಡಿ, ಆಮೇಲೆ ಕೇಕು ಎಂದೆ ನಾನು. ಮೊದಲು ಕೇಕು, ಫೋಟೋ, ಆಮೇಲೆ ಮುಡಿ ಎಂದಳು ರೂಪಾ. ಒಂದು ವಾರ ಜಗಳ. ನನ್ನ ಮಗ ಬಸವರಾಜು ಆ ವಾರ ಪೂರ್ತಿ ಟ್ರಾಕ್ಟರಿನಲ್ಲಿ ಕುಂತೂರಿಗೆ ಕಬ್ಬು ಹೊಡೆದ. ಕಾರ್ಖಾನೆ ಮುಂದೆ ಸಾಲು ಉದ್ದವಿದೆ, ಬರುವುದು ತಡ ಎಂದು ದಿನವೂ ಫೋನು ಮಾಡುತ್ತಿದ್ದ. ಮನೆಯಲ್ಲಿ ಜಗಳವಿದ್ದಾಗ ಆ ಸಾಲು ಯಾವಾಗಲೂ ಉದ್ದವೇ. ಕೊನೆಗೆ ಭಾನುವಾರ ಕೇಕು, ಸೋಮವಾರ ಬೆಟ್ಟ ಎಂದು ತೀರ್ಮಾನವಾಯಿತು. ಕೂದಲು ಯಾರದೋ ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ತೆಂಗಿನಕಾಯಿಯನ್ನು ಕೇಳಿ ಒಡೆಯುತ್ತೇವೆಯೇ?

ಕೇಕು ಕೊಳ್ಳೇಗಾಲದಿಂದ ಬೈಕಿನ ಮೇಲೆ ನಮ್ಮ ಅಜ್ಜೀಪುರಕ್ಕೆ ಬಂತು. ನಡುವೆ ಒಂದು ಪ್ಲಾಸ್ಟಿಕ್ ಗೊಂಬೆ ನಿಲ್ಲಿಸಿ, ಸುತ್ತ ಕೆನೆಯಲ್ಲಿ ಲಂಗ ಮಾಡಿದ್ದರು. ಹನೂರು ದಾಟುವಷ್ಟರಲ್ಲಿ ಲಂಗ ಒಂದು ಕಡೆ ಜಾರಿತ್ತು. ಮೇಣದ ಬತ್ತಿ ಹಚ್ಚಿದರು, ಕೂಸಿನ ಕೈಲಿ ಊದಿಸಿ ಆರಿಸಿದರು, ಆರಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವ್ವ ಇದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು. ಕೇಕಿನ ಕೆನೆಗೆ ಸೋಪಿನ ರುಚಿ. ಸರಿಯಾಗಿ ಗೊತ್ತಾಗಲೆಂದು ಇನ್ನೊಂದು ತುಂಡು ತಿಂದೆ.

ಆಗ ಚಿಕ್ಕತಾಯಮ್ಮನಿಗೆ ಗುಂಡುಕಲ್ಲಿನ ಮಾತು ನೆನಪಾಯಿತೆಂದು ಕಾಣುತ್ತದೆ. ಕೂಸಿನ ಗಲ್ಲ ಹಿಡಿದು, "ನಾಳೆ ಬೋಳಮ್ಮ ಆಯ್ತಿಯ ಕಣವ್ವ" ಎಂದಳು.

"ಯಾಕೆ?"

"ನಿಮ್ಮಜ್ಜಿ ಅರಕೆ ಒತ್ಕಂಡವಳೆ. ನಿನ್ ಕೂದ್ಲು ಮಾದಪ್ಪಂಗೆ."

ಮಾದಿ ಗೊಂಬೆಯ ಕಾಲಿಗೆ ಮೆತ್ತಿದ್ದ ಕೆನೆ ನೆಕ್ಕುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅರಕೆ ಒತ್ಕಂಡೋರು ಯಾರು?"

"ನಾನೇ ಕಣೆ."

"ಮತ್ತೆ ನಿನ್ ಕೂದ್ಲು ಕೊಡು."

ಎಲ್ಲರೂ ನಕ್ಕರು. ರೂಪಾ ಸ್ವಲ್ಪ ಹೆಚ್ಚಾಗಿಯೇ ನಕ್ಕಳು. ನನಗೆ ನಗು ಬರಲಿಲ್ಲ. ದೇವರಿಗೆ ಆಡಿದ ಮಾತು ತಪ್ಪಿದರೆ ಕೂಸಿಗೆ ಏನಾದರೂ ಆದೀತೆಂಬ ಹೆದರಿಕೆ ಐದು ವರ್ಷದಿಂದ ಹೊಟ್ಟೆಯಲ್ಲಿ ಕೂತಿತ್ತು. ಅವಳಿಗೆ ಬಂದ ಒಂದೊಂದು ಜ್ವರಕ್ಕೂ ಬೆಟ್ಟದ ದಿಕ್ಕಿಗೆ ಕೈಮುಗಿದು, ಕರೆತರುತ್ತೇನಪ್ಪಾ, ಕರೆತರುತ್ತೇನೆ ಎಂದು ವಾಯಿದೆ ಕೇಳಿದ್ದೆ.

ಸೋಮವಾರ ನಾಲ್ಕೂ ಜನ ಬಸ್ಸು ಹತ್ತಿದೆವು. ತಾಳಬೆಟ್ಟ ದಾಟಿದ ಮೇಲೆ ತಿರುವಿಗೊಬ್ಬರು ವಾಂತಿ ಮಾಡುತ್ತಿದ್ದರೆ, ಮಾದಿ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದಕ್ಕೂ ತೋರಿಸುತ್ತಿದ್ದಳು. ಕೂದಲಿನ ಮಾತೇ ಎತ್ತಲಿಲ್ಲ. ಒಪ್ಪಿದಳು ಎಂದುಕೊಂಡೆ. ಮುಡಿ ತೆಗೆಯುವ ಜಾಗಕ್ಕೆ ಬಂದವಳೇ ಅಲ್ಲಿದ್ದ ಕಂಬವನ್ನು ತಬ್ಬಿ ನಿಂತಳು. ಅಳಲಿಲ್ಲ, ಅದೇ ಕಷ್ಟವಾಯಿತು. ಅಳುವ ಕೂಸನ್ನು ಹಿಡಿದು ಬೋಳಿಸಬಹುದು. ಸುಮ್ಮನೆ ಮುಖ ನೋಡುವ ಕೂಸನ್ನು ಹಿಡಿಯಲು ಕೈ ಬರುವುದಿಲ್ಲ. ಕ್ಷೌರದವನು ಕತ್ತಿ ತಿಕ್ಕುತ್ತಾ, "ತೊಡೆ ಮ್ಯಾಲೆ ಆಕ್ಕಂಡು ಇಬ್ರು ಅದುಮಿ ಇಡ್ಕಳ್ರವ್ವ, ಎರಡು ನಿಮಿಸ" ಎಂದ.

ಅದುಮಿ ಹಿಡಿಯುವುದು ನನಗೆ ಹೊಸದಲ್ಲ. ಗಂಡನಿಗೆ ಕಾಮಾಲೆಯಾದಾಗ ಮಗನ ಮುಡಿಗೆ ಹರಕೆ ಹೊತ್ತು, ಇದೇ ಬೆಟ್ಟದಲ್ಲಿ ಅವನನ್ನು ಹೀಗೆಯೇ ಹಿಡಿದಿದ್ದೆ. ಕತ್ತಿ ತಗುಲಿದ ಗುರುತು ಅವನ ಕಿವಿಯ ಹಿಂದೆ ಇಂದಿಗೂ ಇದೆ. ಹಸು ಗಬ್ಬವಾಗಲೆಂದು ಗಂಡನನ್ನು ಬರಿಗಾಲಲ್ಲಿ ಬೆಟ್ಟ ಹತ್ತಿಸಿದೆ. ರೂಪಾ ಬಸುರಿಯಾಗಲೆಂದು ರೂಪಾಳನ್ನೇ ಗುಡಿಯ ಸುತ್ತ ಉರುಳಿಸಿದೆ. ಇಷ್ಟೆಲ್ಲ ನಡೆಯುವಾಗ ನಾನೇನು ಮಾಡುತ್ತಿದ್ದೆ ಎಂದು ಆ ಕಂಬದ ಪಕ್ಕ ನಿಂತು ಯೋಚಿಸಿದೆ. ತೆಂಗಿನಕಾಯಿ ಹಿಡಿದುಕೊಂಡಿದ್ದೆ. ಊರವರು ನನ್ನನ್ನು ದೊಡ್ಡ ಭಕ್ತೆ ಎನ್ನುತ್ತಾರೆ.

ಸೆರಗು ಸರಿಸಿ, ಕ್ಷೌರದವನ ಮುಂದೆ ಕೂತೆ. ನೀವ್ಯಾಕತ್ತೆ ಎಂದು ರೂಪಾ ಗಾಬರಿಯಾದಳು. ಬಸವರಾಜು ಕಿವಿಯ ಹಿಂದೆ ಬೆರಳಾಡಿಸಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದ.

ಅರವತ್ತು ವರ್ಷ ಎಣ್ಣೆ ಕುಡಿದ ಕೂದಲು ಎರಡು ನಿಮಿಷವೂ ತಡೆಯಲಿಲ್ಲ. ಮಾದಿ ಕಂಬ ಬಿಟ್ಟು ಹತ್ತಿರ ಬಂದಳು. ಇಲ್ಲೊಂದಿಷ್ಟು ಉಳಿದಿದೆ ಎಂದು ಅವನಿಗೆ ತೋರಿಸಿಯೂ ಕೊಟ್ಟಳು. ತಲೆಗೆ ಗಂಧ ಬಳಿದರು, ತಣ್ಣಗಾಯಿತು. ಈಗ ಮಗೀದು ತೆಗೆಯೋಣವೇ ಎಂದು ಅವನು ಕೇಳಿದ. ಅಜ್ಜಿಯ ಬೋಳು ತಲೆ ನೋಡಿ ಮೊಮ್ಮಗಳ ಮನಸ್ಸು ಕರಗಿತು, ತಾನಾಗಿ ಬಂದು ಕೂತಳು ಎಂದು ನೀವು ಎಣಿಸುತ್ತಿರಬಹುದು. ನಾನೂ ಹಾಗೆಯೇ ಎಣಿಸಿದ್ದೆ.

"ಅಜ್ಜಿ ಕೊಟ್ಟಾಯ್ತಲ್ಲ. ನಡೀರಿ ಓಗನ" ಎಂದಳು.

ಮಾದಪ್ಪನಿಂದ ಈವರೆಗೆ ತಕರಾರು ಬಂದಿಲ್ಲ. ಕೂಸು ಗಟ್ಟಿಯಾಗಿದೆ, ಬಾಯಿ ಇನ್ನೂ ಗಟ್ಟಿಯಾಗಿದೆ. ರೂಪಾ ಮಾರನೇ ದಿನವೇ ಅವಳ ತಲೆಗೆ ಸಣ್ಣ ಬಾಚಣಿಗೆ ಹಾಕಿದಳು, ಹೇನುಗಳಿಗೆ ಕಾಡು ತಪ್ಪಿತು. ಹೊತ್ತವಳ ತಲೆಯಿಂದಲೇ ಹರಕೆ ತೀರಿದ್ದು ನಮ್ಮ ಮನೆಯಲ್ಲಿ ಇದೇ ಮೊದಲು, ಹಾಗಾಗಿ ದೇವರಿಗೂ ಹೊಸತೆನಿಸಿ ಸುಮ್ಮನಾಗಿರಬೇಕು.

ನಿನ್ನೆ ಮಾದಿ ಆ ಕೇಕಿನ ಗೊಂಬೆಗೆ ಒದ್ದೆ ಬಟ್ಟೆ ಸುತ್ತಿ ತಂದು ನನ್ನ ಪಕ್ಕ ಮಲಗಿಸಿದಳು. ನನ್ನ ತಲೆಯಲ್ಲಿ ಈಗ ರಾಗಿ ಕೊಯ್ದ ಹೊಲದ ಕೂಳೆಯಷ್ಟು ಕೂದಲಿದೆ. ಅದರ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಪ್ರೀತಿ ಎಂದುಕೊಂಡೆ. ಎಷ್ಟು ಬೆಳೆದಿದೆ ಎಂದು ನೋಡುತ್ತಿದ್ದಳು.

"ಗೊಂಬೆಗೆ ಜ್ವರ ಕಣಜ್ಜಿ. ವಾಸಿಯಾದ್ರೆ ಮುಡಿ ಕೊಡ್ತೀನಿ ಅಂತ ಮಾದಪ್ಪಂಗೆ ಅರಕೆ ಒತ್ಕಂಡಿವ್ನಿ."

"ಯಾರ ಮುಡಿಯೆ?"

"ನಿಂದು."

ಹೊತ್ತವರೇ ಕೊಡಬೇಕು ಎಂದವಳು ನೀನೇ ಅಲ್ಲವೇನೇ ಎಂದು ಕೇಳಿದೆ. "ನಂಗೆ ಇಸ್ಕೂಲದೆ. ನಿಂಗೇನದೆ?" ಎಂದಳು.

ಬೈಯಲು ಬಾಯಿ ತೆರೆದೆ. ಬೈಗುಳ ಯಾರಿಗೆ ಸೇರಬೇಕಾದದ್ದು ಎಂದು ಹೊಳೆದು ಮುಚ್ಚಿದೆ. ನಮ್ಮ ಮನೆಯ ಭಕ್ತಿ ಮುಂದಿನ ತಲೆಗೆ ಕೊರತೆಯಿಲ್ಲದೆ ದಾಟಿದೆ. ಇವತ್ತು ಬೆಳಿಗ್ಗೆ ಎದ್ದವಳೇ ಮೊದಲು ಗೊಂಬೆಯ ಹಣೆ ಮುಟ್ಟಿ ನೋಡಿದೆ. ಪಾಪ, ಇನ್ನೊಂದೆರಡು ವರ್ಷ ಅದರ ಜ್ವರ ಹಾಗೇ ಇರಲಿ.