ಮುನಿಕೆಂಪಮ್ಮ ಅತ್ತ ಪದ

ನನ್ನ ತಮ್ಮ ಪುನೀತನ ಸಂಗೀತದ ಬಗ್ಗೆ ನನಗೆ ಯಾವತ್ತೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಅದರಲ್ಲಿ ಹಾಡುವವರೇ ಇರುವುದಿಲ್ಲ. ಗಿಟಾರು ನಾಲ್ಕೇ ಸ್ವರಗಳನ್ನು ಹಿಡಿದು ಗೊಣಗುತ್ತಾ ಹೋಗುತ್ತದೆ. ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೊ ಎಂಬ ವಾದ್ಯ ಹಿಂದೆ ಕೂತು ನರಳುತ್ತದೆ. ಐದಾರು ನಿಮಿಷವಾದ ಮೇಲೆ ಡ್ರಮ್ಮು, ಗಿಟಾರು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತವೆ. ಪೋಸ್ಟ್ ರಾಕ್ ಅನ್ನುತ್ತಾನೆ, ಡಾರ್ಕ್ ನಿಯೋಕ್ಲಾಸಿಕಲ್ ಅನ್ನುತ್ತಾನೆ. ನಮ್ಮಮ್ಮ ಅದಕ್ಕಿಟ್ಟ ಹೆಸರು ಸಾವಿನ ಮನೆ ಸದ್ದು.

ನಮ್ಮೂರಾದ ಸಿಂಗಾಪುರದಲ್ಲಿದ್ದ ಹೊಲ ಲೇಔಟ್ ಆಗಿ, ಅಪ್ಪ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಾಗ, ಮೇಲಿನ ಒಂದು ರೂಮನ್ನು ಇವನು ಹಿಡಿದುಕೊಂಡ. ಗೋಡೆಗೆಲ್ಲ ಸ್ಪಂಜು ಅಂಟಿಸಿ ಸ್ಟುಡಿಯೋ ಅಂದ. ಆರ್.ಟಿ. ನಗರದಲ್ಲಿ ಮಕ್ಕಳಿಗೆ ಗಿಟಾರು ಕಲಿಸಿ ಬಂದ ಮೇಲೆ, ಉಳಿದ ಹೊತ್ತೆಲ್ಲ ಚೆಲ್ಲೊ ನುಡಿಸುವ ಗೆಳೆಯ ಮೊಯಿನುದ್ದೀನನ ಜೊತೆ ಅಲ್ಲೇ. 2016ರ ಹೊತ್ತಿಗೆ ಇಬ್ಬರೂ ಸೇರಿ ಒಂದು ಆಲ್ಬಂ ಮುಗಿಸುವ ಹಂತಕ್ಕೆ ಬಂದರು. ಹೆಸರು ‘ಬೂದಿ ಬೆಳಗು’. ಪಾತ್ರೆ ತೊಳೆಯೋ ಪುಡಿಗೆ ಇಡೋ ಹೆಸರು ಕಣೋ ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಆ ಆಲ್ಬಮ್ಮಿನ ಕೊನೆಯ ಟ್ರ್ಯಾಕಿಗೆ ಅವನಿಗೆ ಬೇಕಾಗಿದ್ದು ಮುನಿಕೆಂಪಮ್ಮನ ಅಳು.

ಮುನಿಕೆಂಪಮ್ಮ ನಮ್ಮ ಬೀದಿಯವಳೇ. ತವರು ರಾಜಾನುಕುಂಟೆ ಕಡೆ. ಹಗಲು ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ. ಆದರೆ ಸುತ್ತಮುತ್ತ ಅವಳು ಹೆಸರು ಮಾಡಿದ್ದು ಬೇರೆಯದಕ್ಕೆ. ಹಳೇ ಊರಿನ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಬಂದು ಹೆಣದ ತಲೆಯ ಹತ್ತಿರ ಕೂತು, ಸೆರಗನ್ನು ಬಾಯಿಗೆ ಹಿಡಿದು ಒಂದು ಗಳಿಗೆ ಸುಮ್ಮನಿದ್ದು, ಪದ ಕಟ್ಟಿ ಅಳಲು ಶುರು ಮಾಡುತ್ತಿದ್ದಳು. ಸತ್ತವರು ಉಟ್ಟ ಬಟ್ಟೆ, ತಿಂದ ಊಟ, ಪಟ್ಟ ಕಷ್ಟ ಎಲ್ಲ ಅದರಲ್ಲಿ ಬರುತ್ತಿತ್ತು. ಮನೆಯವರು ಮಾಡಿದ ಅನ್ಯಾಯವೂ ಬರುತ್ತಿತ್ತು. ಹೆಣದ ಮುಂದೆ ಅತ್ತ ಮಾತಿಗೆ ಯಾರೂ ಜಗಳ ತೆಗೆಯುವ ಹಾಗಿರಲಿಲ್ಲ. ಸೊಸೆಯರ ಹೊಟ್ಟೆಯಲ್ಲಿದ್ದ ಎಷ್ಟೋ ಮಾತುಗಳು ಅವಳ ಬಾಯಿಂದ ಹೊರಗೆ ಬಂದಿವೆ. ಫ್ರೀಜರ್ ಪೆಟ್ಟಿಗೆ ಬಂದ ಮೇಲೆ ಅವಳಿಗೆ ಬೇಜಾರಾಗಿತ್ತು. ಗಾಜಿನ ಒಳಗೆ ಮಲಗಿಸಿದರೆ ಸತ್ತವರಿಗೆ ಕೇಳುವುದಿಲ್ಲ ಎಂದು ಗೊಣಗುತ್ತಿದ್ದಳು.

ಊರವರಿಗೆಲ್ಲ ಅತ್ತ ಈ ಹೆಂಗಸಿಗೆ ತನ್ನ ಮನೆಯಲ್ಲಿ ಅಳುವ ಸ್ವಾತಂತ್ರ್ಯ ಇರಲಿಲ್ಲ. ಗಂಡ ಲಕ್ಕಣ್ಣ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ವರ್ಷ, ಒಂದು ಬೆಳಿಗ್ಗೆ ಸೈಕಲ್ ಹತ್ತಿ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಯಾರ್ಡಿಗೂ ಹೋಗಿರಲಿಲ್ಲ. ಸೈಕಲ್ಲೂ ಸಿಗಲಿಲ್ಲ. ಹಿಂದಿನ ದಿನ ತಾಯಿ ಮುನಿಯಲ್ಲಮ್ಮನಿಗೂ ಅವನಿಗೂ ಕುಡಿತದ ವಿಷಯಕ್ಕೆ ಜಗಳವಾಗಿತ್ತು. ಇನ್ನು ನಿನ್ನ ಮುಖ ತೋರಿಸಬೇಡ ಅಂದಿದ್ದಳು ತಾಯಿ. ಇಡೀ ಬೀದಿಗೆ ಕೇಳಿಸಿತ್ತು ಅದು.

ಅದಕ್ಕೇ ಇರಬೇಕು, ಮಗ ಸತ್ತಿದ್ದಾನೆ ಎಂಬ ಮಾತನ್ನು ಮುನಿಯಲ್ಲಮ್ಮ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕೋಪ ಇಳಿದ ಮೇಲೆ ಬರುತ್ತಾನೆ ಅನ್ನುತ್ತಿದ್ದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ಮಗನಿಗೆ ಇಷ್ಟವಾದ ಒಂದು ತಿಂಡಿಯೂ ಅದರಲ್ಲಿ ಸೇರದಂತೆ ಪಕ್ಕದಲ್ಲೇ ಕೂತು ಕಾಯುತ್ತಿದ್ದಳು. ಸೊಸೆಯ ಹಣೆಯಲ್ಲಿ ಕುಂಕುಮ ಸ್ವಲ್ಪ ಅಳಿಸಿದ್ದರೂ ರೇಗುತ್ತಿದ್ದಳು. ಕೆಂಪಮ್ಮ ಎದುರು ಮಾತಾಡುತ್ತಿರಲಿಲ್ಲ. ಗುರುತು ಸಿಗದ ಹೆಣ ಬಂದಿದೆ ಎಂದು ಪೊಲೀಸರು ಕರೆದಾಗಲೆಲ್ಲ, ಕೆಲಸಕ್ಕೆ ಹೋಗುತ್ತೇನೆ ಎಂದು ಅತ್ತೆಗೆ ಹೇಳಿ ಶವಾಗಾರಕ್ಕೆ ಹೋಗಿ ನೋಡಿ ಬರುತ್ತಿದ್ದಳು. ಅದು ನನಗೆ ಗೊತ್ತು, ಒಂದು ಸಲ ಜೊತೆಗೆ ಹೋದವಳು ನಾನೇ. ಅವನಲ್ಲ ಎಂದು ತಿಳಿದಾಗ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ನಮ್ಮಜ್ಜಿ ತೀರಿಕೊಂಡಾಗ ಕೆಂಪಮ್ಮ ಅತ್ತಿದ್ದನ್ನು ಪುನೀತ ಕೇಳಿದ್ದ. ಅಂದಿನಿಂದ ಅವನ ತಲೆಯಲ್ಲಿ ಅದೇ. ಆಲ್ಬಂ ಕೊನೆಗೆ ಬಂದಾಗ ಅವಳನ್ನು ಕಾಡಿ ಬೇಡಿ ಸ್ಟುಡಿಯೋಗೆ ಕರೆತಂದ. ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಮೈಕಿನ ಮುಂದೆ ಕೂರಿಸಿದ. ಅವಳ ಜೊತೆಗಿರಲಿ ಎಂದು ನನ್ನನ್ನೂ ಕರೆದಿದ್ದ. ಕೆಂಪಮ್ಮ ಸ್ಪಂಜಿನ ಗೋಡೆಗಳನ್ನು ಸುತ್ತ ನೋಡಿದಳು.

"ಯಾರಿಗೆ ಅಳ್ಲಿ ಕಣಪ್ಪ? ಇಲ್ಯಾರೂ ಸತ್ತಿಲ್ವಲ್ಲ."

"ಯಾರಿಗಾದ್ರೂ ಅಳಿ ಕೆಂಪಕ್ಕ. ನಮ್ಮಜ್ಜಿಗೇ ಅಳಿ, ಆವತ್ತು ಅತ್ರಲ್ಲ ಹಂಗೆ."

"ನಿಮ್ಮಜ್ಜಿಗೆ ಅತ್ತು ಮುಗೀತಲ್ಲಪ್ಪ. ಅತ್ತು ಕಳ್ಸಿದೋರ್ನ ಇನ್ನೊಂದ್ಸಲ ಕರೀಬಾರ್ದು. ದಾರೀಲಿ ತಿರುಗಿ ನೋಡ್ತಾರೆ ಪಾಪ."

"ಹಾಗಾದ್ರೆ ಇನ್ನೂ ಅಳದೇ ಇರೋರು ಯಾರಾದ್ರೂ ಇದ್ರೆ ಅವ್ರಿಗೆ ಅಳಿ. ನಂಗೆ ಮಾತು ಮುಖ್ಯ ಅಲ್ಲಕ್ಕ, ಆ ಟೋನ್ ಸಾಕು."

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. ಆಮೇಲೆ, "ಇದು ನಮ್ಮೂರಲ್ಲಿ ಯಾರ್ಗೂ ಕೇಳ್ಸಲ್ಲ ತಾನೆ?" ಎಂದು ಕೇಳಿದಳು.

ಪುನೀತ ನಕ್ಕ. "ಇದನ್ನ ಕೇಳೋರು ನಮ್ಮ ದೇಶದಲ್ಲೇ ಇಲ್ಲ ಕೆಂಪಕ್ಕ."

ಅಷ್ಟರಲ್ಲಿ ನನ್ನ ಮಗು ಎದ್ದಿದೆ ಎಂದು ಅಮ್ಮ ಕೂಗಿದಳು, ನಾನು ಕೆಳಗೆ ಹೋದೆ. ಆ ರೂಮಿನಿಂದ ಸದ್ದು ಹೊರಗೆ ಬರುವುದಿಲ್ಲ. ಕೆಂಪಮ್ಮ ಕೆಳಗಿಳಿದು ಬಂದಾಗ ಮುಖ ತೊಳೆದುಕೊಂಡಿದ್ದಳು, ಹಣೆಯ ಕುಂಕುಮ ಸರಿಯಾಗಿ ಇಟ್ಟುಕೊಂಡಿದ್ದಳು. ಕಾಫಿ ಕುಡಿದು ಹೊರಟುಹೋದಳು.

ಪುನೀತನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಿಂಗಳುಗಟ್ಟಲೆ ಆ ಅಳುವಿಗೆ ಚೆಲ್ಲೊ ಸೇರಿಸಿದ, ತೆಗೆದ, ಮತ್ತೆ ಸೇರಿಸಿದ. ಮೊಯಿನುದ್ದೀನನಿಗೆ ಅವಳ ಹಳ್ಳಿ ಮಾತು ಅರ್ಥವಾಗುತ್ತಿರಲಿಲ್ಲ, ಅವನನ್ನು ಬಿಡಿ. ನನ್ನ ತಮ್ಮ ಅದನ್ನು ನೂರು ಸಲ ಕೇಳಿದ್ದಾನೆ, ಒಂದು ಸಲವೂ ಕೇಳಿಸಿಕೊಂಡಿಲ್ಲ. ಈಗಲೂ ನನಗೆ ಅವನ ಮೇಲೆ ಸಿಟ್ಟು ಬರುವುದು ಇದಕ್ಕೇ.

ಮರುವರ್ಷ ಆಲ್ಬಂ ಇಂಟರ್ನೆಟ್ಟಿನಲ್ಲಿ ಬಿಡುಗಡೆಯಾಯಿತು. ಎಲ್ಲೆಲ್ಲಿಯದೋ ಜನ ಅದನ್ನು ಹೊಗಳಿ ಬರೆದರು, ಕೊನೆಯ ಟ್ರ್ಯಾಕನ್ನಂತೂ ತುಂಬಾ. ಪುನೀತ ಕೃತಘ್ನನಲ್ಲ. ಕೆಂಪಮ್ಮನಿಗೆ ಸೀರೆ ಕೊಟ್ಟು, ಅವಳಿಗೆ ಹಾಡು ಕೇಳಿಸಿ ಬರಬೇಕು ಎಂದು ಒಂದು ಭಾನುವಾರ ಮಧ್ಯಾಹ್ನ ಹೊರಟ. ಸೀರೆ, ಎಲೆ ಅಡಿಕೆ, ಬಾಳೆಹಣ್ಣಿನ ತಟ್ಟೆ ಹಿಡಿದು ನಾನೂ ಹೋದೆ. ಕೆಂಪಮ್ಮ ಅಕ್ಕಿ ಹಿಟ್ಟು ಮಾಡಿಸಲು ಗಿರಣಿಗೆ ಹೋಗಿದ್ದಳು. ನಡುಮನೆಯಲ್ಲಿ ಮುನಿಯಲ್ಲಮ್ಮ ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದಳು.

"ನಿಮ್ಮ ಸೊಸೆ ಹಾಡವ್ರೆ ಅಜ್ಜಿ, ಕೇಳ್ತೀರಾ?" ಎಂದ ಪುನೀತ.

"ಅವಳೇನ್ ಆಡ್ತಾಳೆ? ಆಕಪ್ಪ, ಕೇಳಾನ," ಎಂದಳು ಮುದುಕಿ.

ಲ್ಯಾಪ್‌ಟಾಪನ್ನು ನೆಲದ ಮೇಲಿಟ್ಟು, ಸ್ಪೀಕರು ಸಿಕ್ಕಿಸಿದ. ಗಿಟಾರು ಗೊಣಗಿತು. ಚೆಲ್ಲೊ ಬಂತು. ಮುದುಕಿ ಕಾಯಿ ಸುಲಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಎಲ್ಲ ವಾದ್ಯ ನಿಂತು, ಕೆಂಪಮ್ಮನ ದನಿ ಒಂದೇ ಉಳಿಯಿತು. ನಾನೂ ಅದನ್ನು ಕೇಳಿದ್ದು ಅದೇ ಮೊದಲು.

ನೀಲಿ ಟವಲ್ಲು ಎಗಲಿಗಾಕಿ ಯಾವ ಸಂತೆಗೋದ್ಯೋ ನನ್ನ ದೊರೆಯೇ
ಉಬ್ಬಿನ ಮ್ಯಾಲಿನ ಗಾಯ ಉಡುಕ್ಕೊಂಡು ಎಣದ ಮನೆಯೆಲ್ಲ ಅಲೆದ್ನಲ್ಲೋ
ಎತ್ತೋಳು ಮುಖ ತೋರಿಸ್ಬ್ಯಾಡ ಅಂದ್ಲಂತ
ಇಂಗೆ ಮಣ್ಣಲ್ಲಿ ಮುಖ ಮುಚ್ಕೊಂಡ್ಯಾ ನನ್ನ ದೊರೆಯೇ

ನಿಲ್ಲಿಸೋ ಎಂದು ಪುನೀತನ ತೋಳು ಹಿಡಿದು ಜಗ್ಗಿದೆ. ಅವನಿಗೆ ಏನೂ ತಿಳಿಯಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಹಿಟ್ಟಿನ ಡಬ್ಬ ಸೊಂಟದ ಮೇಲಿಟ್ಟುಕೊಂಡು ಕೆಂಪಮ್ಮ ನಿಂತಿದ್ದಳು. ಅವಳ ದನಿ ಒಳಗೆ ಅಳುತ್ತಿತ್ತು, ಅವಳು ಹೊಸಿಲಾಚೆ ನಿಂತು ಅತ್ತೆಯನ್ನು ನೋಡುತ್ತಿದ್ದಳು. ಮುನಿಯಲ್ಲಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ಇತ್ತು.

ಹಾಡು ಮುಗಿಯಿತು. ಮುದುಕಿ ಪುನೀತನ ಕಡೆ ತಿರುಗಿದಳು.

"ಇದನ್ನ ಏಸ್ ಜನ ಕೇಳವ್ರಪ್ಪ?"

ಹೊಗಳಿಕೆ ಎಂದುಕೊಂಡ ಅವನು. "ಸಾವಿರಾರು ಜನ ಅಜ್ಜಿ. ಜರ್ಮನಿ, ಪೋಲೆಂಡು, ಎಲ್ಲೆಲ್ಲೋ."

"ಅಷ್ಟು ಜನಕ್ಕೂ ನನ್ ಮಗ ಸತ್ತವ್ನೆ ಅಂತ ಗೊತ್ತು," ಎಂದಳು ಮುನಿಯಲ್ಲಮ್ಮ. "ನಂಗೊಬ್ಳಿಗೆ ಏಳಿಲ್ಲ."

ಆಗ ಗೊತ್ತಾಯಿತು ನನ್ನ ತಮ್ಮನಿಗೆ.

ಕೆಂಪಮ್ಮ ಡಬ್ಬ ಇಳಿಸಿ ಅತ್ತೆಯ ಹತ್ತಿರ ಬಂದಳು. ನಾನು ಹೆದರಿದ್ದೆ, ಮುದುಕಿ ಕೂಗಾಡುತ್ತಾಳೆ, ಕೈ ಮಾಡುತ್ತಾಳೆ ಎಂದು. ಅವಳು ಗೋಡೆ ಹಿಡಿದು ಎದ್ದು ಹಿತ್ತಿಲಿಗೆ ನಡೆದಳು. ದೂರದಲ್ಲಿ ಸಾವಾದ ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹುಯ್ದುಕೊಳ್ಳುವುದು ನಮ್ಮಲ್ಲಿ ರೂಢಿ. ತೊಟ್ಟಿಯಿಂದ ತಣ್ಣೀರು ಮೊಗೆದು ತಲೆಯ ಮೇಲೆ ಹುಯ್ದುಕೊಂಡಳು. ಆಮೇಲೆ ಚೊಂಬನ್ನು ಸೊಸೆಯ ಕಡೆ ಚಾಚಿದಳು.

"ಬಾ. ನೀನೂ ಉಯ್ಕೊ."

ಕೆಂಪಮ್ಮ ಹುಯ್ದುಕೊಂಡಳು. ಹಣೆಯ ಕುಂಕುಮ ನೀರಿನ ಜೊತೆ ಮೂಗಿನ ಮೇಲೆ ಇಳಿಯಿತು. ಮುದುಕಿ ಅದನ್ನು ನೋಡಿದಳು. ಸರಿಯಾಗಿ ಇಟ್ಟುಕೋ ಎಂದು ರೇಗಲಿಲ್ಲ.

ಇಬ್ಬರೂ ಒದ್ದೆ ಸೀರೆಯಲ್ಲಿ ನಡುಮನೆಗೆ ಬಂದು ಕೂತರು. ಮಗನಿಗಾಗಿ ಒಂಬತ್ತು ವರ್ಷದಿಂದ ಒಂದು ಹನಿ ಕಣ್ಣೀರು ಹಾಕದ ಮುನಿಯಲ್ಲಮ್ಮನಿಗೆ ಈಗಲೂ ಅಳು ಬರುತ್ತಿರಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ಸೊಸೆಯ ಮೊಣಕಾಲು ಹಿಡಿದು, "ಊರೋರ್ಗೆಲ್ಲ ಅಳ್ತೀಯಲ್ಲೇ. ಈಗ ಅಳೇ ಕೆಂಪಿ. ನಾನೂ ಜೊತೆಗಳ್ತೀನಿ," ಎಂದಳು.

ಕೆಂಪಮ್ಮ ಸೆರಗನ್ನು ಬಾಯಿಗೆ ಹಿಡಿದಳು. ಕೂತಳು, ಕೂತಳು. ದನಿ ಹೊರಡಲಿಲ್ಲ.

"ಅತ್ತು ಕಳ್ಸಾಯ್ತಲ್ಲ ಅತ್ತೆ," ಎಂದಳು ಕೊನೆಗೆ. "ಎಲ್ಡ್ನೇ ಸಲ ಎಂಗೆ ಕರೀಲಿ?"

ಮುನಿಯಲ್ಲಮ್ಮ ತಲೆಯಾಡಿಸಿದಳು. ಅವಳಿಗೂ ಗೊತ್ತಿದ್ದ ನೇಮವೇ ಅದು. ಜರುಗಿ ಜರುಗಿ ಲ್ಯಾಪ್‌ಟಾಪಿನ ಹತ್ತಿರ ಹೋಗಿ, ಹೆಣದ ತಲೆದೆಸೆಯಲ್ಲಿ ಕೂರುವಂತೆ ಅದರ ಪಕ್ಕ ಕೂತಳು.

"ಅದನ್ನೇ ಆಕಪ್ಪ," ಎಂದಳು ಪುನೀತನಿಗೆ.

ಪುನೀತ ಹಾಕಿದ.